ಸುಳ್ಳು ಹೇಳದ ಗಡಿಯಾರ

ಬೆಳಿಗ್ಗೆ ಬೀರು ತೆಗೆದ ಲ್ಯಾಬಿನ ಯಜಮಾನರು ಅಲ್ಲೇ ಕುಸಿದು ಕೂತರು. ಲೋಹ ಪರೀಕ್ಷೆಗೆ ಬಳಸುವ ಪ್ಲಾಟಿನಂ ಬಟ್ಟಲುಗಳು ಮಂಗಮಾಯ.

ಇನ್‌ಸ್ಪೆಕ್ಟರಮ್ಮ ಬರುವಷ್ಟರಲ್ಲಿ ಕಳ್ಳಿಯನ್ನೂ ಹಿಡಿದು ಕೂರಿಸಿದ್ದರು. ನೆಲ ಒರೆಸುವ ಆಯಾ. ಇನ್‌ಸ್ಪೆಕ್ಟರಮ್ಮನಿಗೆ ಮಂಡಿನೋವು, ನಿದ್ದೆಯೂ ಬಾಕಿ. ಬೇಗ ಮುಗಿದರೆ ಸಾಕಪ್ಪಾ ಅನ್ನಿಸಿದ್ದು ನಿಜ.

ಕ್ಯಾಮೆರಾ ದೃಶ್ಯದಲ್ಲಿ ಮಳೆಕೋಟು ತೊಟ್ಟು ಮುಖ ಮುಚ್ಚಿಕೊಂಡ ಯಾರೋ ಬೀರು ತೆಗೆಯುತ್ತಿದ್ದರು. ಮೂಲೆಯಲ್ಲಿ ಸಮಯ: ನಿನ್ನೆ ಹನ್ನೊಂದು ಗಂಟೆ.

“ಹನ್ನೊಂದಕ್ಕೆ ನಾವೆಲ್ಲ ಮೀಟಿಂಗಲ್ಲಿದ್ವಿ. ಹೊರಗಿದ್ದವಳು ಇವಳೊಬ್ಬಳೇ,” ಅಂದರು ಯಜಮಾನರು.

“ಗಡಿಯಾರ ತಪ್ಪಿರಬಹುದಲ್ಲ?”

ಕಂಪ್ಯೂಟರ್ ನೋಡಿಕೊಳ್ಳುವವನು ನಕ್ಕ. ಲ್ಯಾಬಿನಲ್ಲಿ ಅವನಿಗೆ ಸೆಕೆಂಡಪ್ಪ ಅಂತಲೇ ಹೆಸರು. “ಮೇಡಂ, ಮಾಳಿಗೆ ಮೇಲೆ ಜಿಪಿಎಸ್ ಆಂಟೆನಾ ಇದೆ. ಉಪಗ್ರಹದಿಂದ ಸಮಯ ತಗೊಂಡು ಕ್ಯಾಮೆರಾ ಕಂಪ್ಯೂಟರಿನ ಗಡಿಯಾರಾನ ಸರಿಮಾಡ್ತಾನೇ ಇರುತ್ತೆ. ಒಂದು ಸೆಕೆಂಡೂ ಆಚೀಚೆ ಆಗಲ್ಲ.”

“ನೀನೆಲ್ಲಿದ್ದೆಯಮ್ಮ?”

“ಈ ಕಂಪ್ಯೂಟರ್ ಸಾರ್ ರೂಮನ್ನೇ ಒರೆಸ್ತಿದ್ದೆ,” ಅಂದಳು ಆಯಾ. “ಎಸಿ ನೀರು ನೆಲದ ತುಂಬಾ ಹರಿದಿತ್ತು. ಅದರಡಿ ಇಡೋ ಸ್ಟೀಲ್ ಬಕೆಟ್ಟೇ ಇರ್ಲಿಲ್ಲ. ಮೇಡಂ, ಮಗಳು ನರ್ಸಿಂಗ್ ಓದ್ತಿದ್ದಾಳೆ. ಕಳ್ಳಿ ಮಗಳು ಅಂದ್ರೆ ಅವಳಿಗೆ ಯಾರು ಕೆಲಸ ಕೊಡ್ತಾರೆ?”

ಇನ್‌ಸ್ಪೆಕ್ಟರಮ್ಮ ನಿಟ್ಟುಸಿರುಬಿಟ್ಟು ಮೆಟ್ಟಿಲ ಕಡೆ ನೋಡಿದಳು. ಲಿಫ್ಟ್ ಇರಲಿಲ್ಲ. ಮಂಡಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಹತ್ತಿದಳು.

*

ನಿನ್ನೆ ಬೆಳಿಗ್ಗೆ ಹತ್ತರ ಹೊತ್ತಿಗೆ ಸುರಿದ ಮಳೆ ಮಾಳಿಗೆಯನ್ನು ತೊಳೆದಿಟ್ಟಿತ್ತು. ನೀರಿನ ಟ್ಯಾಂಕು, ಪೈಪು ಎಲ್ಲ ಥಳಥಳ. ಅಂಗೈಯಗಲದ ಆಂಟೆನಾ ಮೇಲೆ ಮಾತ್ರ ಬೇಸಿಗೆಯ ಧೂಳು ಹಾಗೇ ಕೂತಿತ್ತು. ಸುತ್ತ ಒಂದು ದುಂಡನೆಯ ಕೆಸರು ಗೆರೆ.

“ಎಸಿ ಕೆಳಗಿನ ಬಕೆಟ್ ತರಿಸಿ,” ಅಂದಳು, ಹಿಂದೆಯೇ ಹತ್ತಿ ಬಂದ ಯಜಮಾನರಿಗೆ.

ಬೋರಲು ಹಾಕಿದರೆ ಅಂಚು ಗೆರೆಗೆ ಸರಿಯಾಗಿ ಕೂತಿತು.

*

“ಮಳೆ ಬರೋವಾಗ ಆಂಟೆನಾ ಈ ಬಕೆಟ್ ಅಡಿ ಇತ್ತು,” ಇನ್‌ಸ್ಪೆಕ್ಟರಮ್ಮ ಕುರ್ಚಿಗೆ ಒರಗಿದಳು. “ಸ್ಟೀಲ್ ಅಡ್ಡ ಬಂದ್ರೆ ಉಪಗ್ರಹ ಸಿಗಲ್ಲ. ಆಗ ಗಡಿಯಾರ ನಾವು ಕೈಯಲ್ಲಿ ಇಟ್ಟ ಸಮಯಾನೇ ತೋರಿಸುತ್ತೆ. ಅಲ್ವಾ?”

“ವೈರ್ ಕಿತ್ತಿದ್ರೆ ಅಲಾರಂ ಕೂಗ್ತಿತ್ತು,” ಯಜಮಾನರು ತೊದಲಿದರು. “ಮುಚ್ಚಿದ್ರೆ ಸುಮ್ಮನಿರುತ್ತೆ. ಅದು ಗೊತ್ತಿರೋದು, ಗಡಿಯಾರದ ಪಾಸ್‌ವರ್ಡ್ ಇರೋದು...”

ಎಲ್ಲರೂ ಸೆಕೆಂಡಪ್ಪನ ಕಡೆ ತಿರುಗಿದರು.

“ನೀನು ಗಡಿಯಾರವನ್ನ ಒಂದು ಗಂಟೆ ಮುಂದಿಟ್ಟೆ,” ಇನ್‌ಸ್ಪೆಕ್ಟರಮ್ಮ ಅವನಿಗೆ ಅಂದಳು. “ಕದ್ದದ್ದು ಹತ್ತಕ್ಕೆ, ಮಳೆ ಬರೋವಾಗ. ಆಮೇಲೆ ಬಕೆಟ್ ತೆಗೆದೆ, ಗಡಿಯಾರ ತಾನೇ ಸರಿಹೋಯ್ತು. ಹನ್ನೊಂದಕ್ಕೆ ಮೀಟಿಂಗಲ್ಲಿ ಕೂತೆ, ಅದು ಮುಗಿದ ಮೇಲೆ ಬಕೆಟ್ ಎಸಿ ಅಡಿ ವಾಪಸ್ ಇಟ್ಟು ನಿಜವಾದ ಹನ್ನೊಂದರ ದೃಶ್ಯ ಅಳಿಸಿದೆ. ಹತ್ತಕ್ಕೆ ಆಯಾ ಎಲ್ಲಿದ್ದಳು ಸಾರ್?”

“ನಮಗೆಲ್ಲ ಟೀ ಕೊಡ್ತಿದ್ದಳು,” ಯಜಮಾನರ ದನಿ ಇಳಿಯಿತು. “ಇವನೊಬ್ಬ ಇರ್ಲಿಲ್ಲ.”

ಬಟ್ಟಲುಗಳು ಸೆಕೆಂಡಪ್ಪನ ಸ್ಕೂಟರ್ ಡಿಕ್ಕಿಯಲ್ಲಿ ಸಿಕ್ಕವು.

ಯಜಮಾನರು ಗಂಟಲು ಸರಿಮಾಡಿಕೊಂಡರು. “ಆಯಾ, ಆದದ್ದಾಯ್ತು. ನಾಳೆ ಎಂದಿನ ಹಾಗೆ ಬಾ.”

ಆಯಾ ಸೊಂಟದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. “ಇಷ್ಟು ವರ್ಷ ಕಂಡ ನನ್ನನ್ನ ಬಿಟ್ಟು ಗಡಿಯಾರನ ನಂಬಿದ್ರಿ. ನೆಲಾನೂ ಅದೇ ಒರೆಸಲಿ.”

ಅವಳು ಹಾಗೆ ಕೆಲಸ ಬಿಟ್ಟು ಹೋಗುವುದನ್ನು ಇನ್‌ಸ್ಪೆಕ್ಟರಮ್ಮ ಹೊಟ್ಟೆಕಿಚ್ಚಿನಿಂದ ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಕಳ್ಳನನ್ನು ಜೀಪಿಗೆ ಹತ್ತಿಸಿದಳು.