ಇನ್ನೊಂದು ರೆಕ್ಕೆ

ಎದೆಮಟ್ಟದ ಗೋಡೆ, ಅದರೊಳಗೆ ಹತ್ತಾರು ಕೋಳಿ, ಕತ್ತರಿ ಹಿಡಿದ ಒಬ್ಬ ಹೆಣ್ಣುಮಗಳು, ಎದುರಿಗೆ ರೆಪ್ಪೆ ಬಡಿಯದ ಮಾಂತ್ರಿಕ. ಮುಂದೇನಾಯಿತು, ಊಹಿಸಿ ನೋಡೋಣ. ಆಗಲಿಲ್ಲವೇ? ಸಂತೋಷ. ನೀವೇ ಊಹಿಸಿಬಿಟ್ಟರೆ ನನಗೇನು ಕೆಲಸ?

ಬಹಳ ಹಿಂದೆ ಕಂಚಿನಕೋಟೆ ಎಂಬ ರಾಜ್ಯದಲ್ಲಿ ಧೂಮಕೇಶನೆಂಬ ಮಾಂತ್ರಿಕನಿದ್ದ. ತನಗೆ ತಲೆಬಾಗದವರನ್ನೆಲ್ಲ ಕೋಳಿ ಮಾಡಿ ಅಂಗಳದಲ್ಲಿ ಕೂಡಿಹಾಕುತ್ತಿದ್ದ. ಗೋಡೆಯನ್ನು ಹಾರಿ ದಾಟಿದ ಕೋಳಿ ಮತ್ತೆ ಮನುಷ್ಯನಾಗುತ್ತಿತ್ತು. ಎಲ್ಲವೂ ದಾಟಿದರೆ ಮಾಯೆ ಅವನ ಮೇಲೇ ತಿರುಗುತ್ತಿತ್ತು. ಗೋಡೆ ಎತ್ತರಿಸಿದರೆ ಮಂತ್ರ ಕೆಡುತ್ತಿತ್ತು. ಕಬ್ಬಿಣ ಮುಟ್ಟಿದರೆ ಅವನ ಕೈ ಸುಡುತ್ತಿತ್ತು. ಹಾಗಾಗಿ ರೆಕ್ಕೆಯ ಗರಿ ಕತ್ತರಿಸಲು ಅವನಿಗೆ ಆಳು ಬೇಕಿತ್ತು.

ಬಂದವಳು ದ್ಯಾವಕ್ಕ. ಅವಳ ತಂಗಿ ಚೆಲುವಿ ಆ ಹಿಂಡಿನಲ್ಲೇ ಇದ್ದಳು. ಅದು ಅವನಿಗೆ ಗೊತ್ತಿರಲಿಲ್ಲ.

“ಮೊದಲು ಮೂರು ಕೋಳಿ ಹಿಡಿದು ಗರಿ ಕತ್ತರಿಸಿ ತೋರಿಸು. ಒಂದು ಹಾರಿದರೂ ನೀನೂ ಕೋಳಿಯೇ. ಆ ಚುಕ್ಕೆಯದು ಸಂಜೆ ಸಾರಿಗೆ” ಎಂದ ಧೂಮಕೇಶ.

ಬಿಳಿ ಕೋಳಿಯ ಒಂದು ರೆಕ್ಕೆಯ ಗರಿ ಕತ್ತರಿಸಿ ಮೇಲಕ್ಕೆಸೆದಳು. ವಾಲಿತು, ಬಿತ್ತು. ಕೆಂಪು ಕೋಳಿಯನ್ನು ಎಸೆದಳು. ವಾಲಿತು, ಬಿತ್ತು. ಮೂರನೆಯದು ಚುಕ್ಕೆ ಕೋಳಿ. ಬಲಗಾಲಿನ ಕಿರುಬೆರಳು ಸೊಟ್ಟ. ಚೆಲುವಿಯ ಬೆರಳು. ಅದರ ಎದೆ ಅಂಗೈಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು. ದ್ಯಾವಕ್ಕ ಅದರದ್ದೂ ಒಂದೇ ರೆಕ್ಕೆ ಕತ್ತರಿಸಿದಳು.

“ಇನ್ನೊಂದು ರೆಕ್ಕೆ ಯಾಕೆ ಹಾಗೇ ಬಿಡ್ತೀಯ?” ಎಂದ ಧೂಮಕೇಶ.

ದ್ಯಾವಕ್ಕ ಇದ್ದದ್ದನ್ನೇ ಹೇಳಿದಳು. “ಒಂದು ಸಾಕು ಒಡೆಯಾ. ಒಂದೇ ಕಡೆ ಗರಿ ಇಲ್ಲದಿದ್ದರೆ ವಾಲಿ ಬೀಳ್ತದೆ. ಎರಡೂ ಕಡೆ ಕತ್ತರಿಸಿದರೆ ತೂಕ ಸಮ ಆಗಿ ಗೋಡೆ ಹಾರ್ತದೆ.”

“ಗರಿ ಕಡಿಮೆಯಾದಷ್ಟೂ ಹಾರ್ತದಂತೆ! ಅರ್ಧ ಕೆಲಸಕ್ಕೆ ಪೂರ್ತಿ ಊಟ ಹೊಡೆಯೋ ಯೋಚನೆಯಾ? ಎಲ್ಲಕ್ಕೂ ಎರಡೂ ಕತ್ತರಿಸು.”

“ಬೇಡ ಒಡೆಯಾ.”

“ನೀನು ಬೇಡ ಅಂದಮೇಲೆ ಬೇಕೇ ಬೇಕು.”

ಹುಟ್ಟಿದಾಗಿನಿಂದ ಸುಳ್ಳನ್ನೇ ಹೇಳಿದವನು ನಿಜವನ್ನು ನಂಬುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎಲ್ಲಾದರೂ ನಂಬಿಬಿಟ್ಟಿದ್ದರೆ?

ಒಂದೊಂದನ್ನೇ ಹಿಡಿದು, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ, ತುದಿಗರಿ ಮಾತ್ರ ಕತ್ತರಿಸುತ್ತ ಬಂದಳು. ಹೊತ್ತು ಇಳಿಯಿತು. ಒಲೆ ಹೊತ್ತಿತು. ಧೂಮಕೇಶ ಚುಕ್ಕೆ ಕೋಳಿಗೆ ಕೈ ಚಾಚಿದ.

“ಹಾರೇ ಚೆಲುವಿ” ಎಂದಳು ದ್ಯಾವಕ್ಕ.

ಕೋಳಿ ಓಡಿ ಹಾರಿತು. ಗೋಡೆಗೆ ಎದೆ ತಾಗಿ ಜಾರಿತು. ಮತ್ತೆ ಹಾರಿತು. ಉಗುರು ಸಿಗದೆ ಜಾರಿತು. ಮಾಂತ್ರಿಕನ ಬೆರಳು ಬಾಲ ಮುಟ್ಟಿತು. ಮೂರನೆಯ ಸಲ, ಬಾಲದ ಗರಿಯೊಂದನ್ನು ಅವನ ಕೈಯಲ್ಲೇ ಬಿಟ್ಟು, ಗೋಡೆಯಾಚೆ ಬಿತ್ತು. ಆಚೆಯಿಂದ ಸ್ವರ ಬಂತು: “ಅಕ್ಕಾ, ನನ್ನ ಸೀರೆಯೆಲ್ಲ ಮಣ್ಣು.”

ಅದನ್ನು ಕೇಳಿದ್ದೇ ತಡ, ಹಿಂಡಿಗೆ ಹಿಂಡೇ ಗೋಡೆ ಹಾರಿತು. ಧೂಮಕೇಶ ಅತ್ತ ಓಡಿದ, ಇತ್ತ ಓಡಿದ. ಕೊನೆಯದೂ ದಾಟಿದಾಗ ಮಂತ್ರ ಹೇಳಲು ಬಾಯಿ ತೆರೆದ. ಹೊರಟದ್ದು ಕೊಕ್ಕೊಕ್ಕೋ.

ದ್ಯಾವಕ್ಕ ಆ ಹುಂಜವನ್ನು ಹಿಡಿದು ಕಂಕುಳಲ್ಲಿ ಒತ್ತಿಕೊಂಡಳು.

“ಹೇಳಿದ್ದೆನಲ್ಲ ಒಡೆಯಾ, ಒಂದು ಸಾಕು ಅಂತ” ಎಂದು ಒಂದೇ ರೆಕ್ಕೆಯ ಗರಿ ಕತ್ತರಿಸಿ ಕೆಳಗೆ ಬಿಟ್ಟಳು.

ಹುಂಜ ಇಂದಿಗೂ ಆ ಗೋಡೆ ದಾಟಿಲ್ಲ. ದಾಟಿದವರೆಲ್ಲ ತಮ್ಮ ತಮ್ಮ ಮನೆಯಲ್ಲಿ ಉಂಡು ತಿಂದು ಸುಖವಾಗಿದ್ದರು. ಚೆಲುವಿ ಮಾತ್ರ ಕೆಲವು ಕಾಲ ಕಾಳು ಕಂಡರೆ ಬಗ್ಗುತ್ತಿದ್ದಳಂತೆ. ಇದೆಲ್ಲ ನಡೆದದ್ದು ಆಶ್ವಯುಜ ಶುದ್ಧ ತದಿಗೆ, ಬುಧವಾರ.