ಐದು ಬೋರ್ಡು, ಒಂದು ಓರೆಗೆರೆ

ಐದರಲ್ಲಿ ಎರಡು ಸತ್ತಿದ್ದವು.

ಫೂ ಕಾಯ್ ಐದೂ ಸರ್ಕ್ಯೂಟ್ ಬೋರ್ಡುಗಳನ್ನು ಟೀ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ಶೆನ್‌ಜೆನ್‌ನ ಬಾವೊಆನ್‌ನಲ್ಲಿ ಅವನದೊಂದು ಪುಟ್ಟ ಕಂಪನಿ. ರೋಗಿಯ ಆಮ್ಲಜನಕದ ಯಂತ್ರ ನಿಂತರೆ ಕೂಗಿ ಮನೆಯವರನ್ನು ಎಬ್ಬಿಸುವ ಸಾಧನ ಮಾಡುತ್ತಾನೆ. ಬೇಕಿದ್ದದ್ದು ಇನ್ನೂರೇ ಬೋರ್ಡು. ಅಷ್ಟು ಸಣ್ಣ ಕೆಲಸಕ್ಕೆ ಎಲ್ಲರಿಗಿಂತ ಕಡಿಮೆ ದರ ಹೇಳಿದವಳು ಲಾಯ್ ಯೂಮೆಯ್. ಹನ್ನೊಂದು ಜನರ ಕಾರ್ಖಾನೆ ಅವಳದು. ಮೊದಲು ಮಾದರಿಗೆಂದು ಐದು ತರಿಸಿದ್ದ. ಇಂದು ಬೆಳಿಗ್ಗೆ ಪರೀಕ್ಷಿಸಿದರೆ ಎರಡರಲ್ಲಿ ತಾಮ್ರದ ಗೆರೆ ನಡುವೆ ಕಡಿದಿತ್ತು.

"ಐದು ಗಂಟೆಗೆ ಇದರ ಫೋಟೋ ಖರೀದಿದಾರರ ಗುಂಪಿಗೆ ಹಾಕ್ತೀನಿ," ಎಂದ ಫೂ. "ಉಸಿರು ನಿಂತಾಗ ಕೂಗಬೇಕಾದ್ದು ಇದು. ಕೂಗದೇ ಹೋದ್ರೆ ಯಾರು ಹೊಣೆ?"

ಆ ಗುಂಪಿನಲ್ಲಿ ಹೆಸರು ಕೆಟ್ಟರೆ ಯೂಮೆಯ್ ಕಾರ್ಖಾನೆಗೆ ಬೀಗ ಬೀಳುವುದು ಖಂಡಿತ. ಅದಕ್ಕೇ ಅವಳು ಕಾಲು ಹಿಡಿಯುವುದೊಂದು ಬಾಕಿ ಎಂಬಷ್ಟು ಬೇಡಿಕೊಂಡು ಮೊ ಹುಯಿಲಾನ್‌ಳನ್ನು ಇಲ್ಲಿಗೆ ಕಳಿಸಿದ್ದಳು. ಹುಯಿಲಾನ್ ಬೋರ್ಡು ಕಾರ್ಖಾನೆಗಳಲ್ಲಿ ಹದಿನೆಂಟು ವರ್ಷ ತಪಾಸಣೆ ಮಾಡಿ ಕಣ್ಣು ಸವೆಸಿದವಳು. ಈಗ ಮಾರುಕಟ್ಟೆಯಲ್ಲಿ ಒಂದು ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂರುತ್ತಾಳೆ. ಅದನ್ನೇ ಚೀಲದಲ್ಲಿ ಹೊತ್ತು ತಂದಿದ್ದಳು.

ಗಡಿಯಾರ ನೋಡಿದಳು. ಮೂರೂವರೆ.

*

ಸತ್ತ ಬೋರ್ಡಿನ ಒಂದು ಮೂಲೆಯಲ್ಲಿ ಹಸಿರು ಬಣ್ಣದ ಹೊಳಪು ಮಾಸಿತ್ತು. ಯಾರೋ ಸ್ಪಿರಿಟ್ ಹಾಕಿ ಉಜ್ಜಿದ್ದರು. ಹುಯಿಲಾನ್ ಮೈಕ್ರೋಸ್ಕೋಪಿನ ದೀಪವನ್ನು ಓರೆ ಮಾಡಿದಾಗ, ಅಳಿಸಿದ್ದು ಏನನ್ನು ಎಂಬುದೂ ಕಂಡಿತು. ಕಪ್ಪು ಮಾರ್ಕರಿನ ಇಂಟು ಗುರುತು. ಎರಡನೆಯದರಲ್ಲೂ ಅದೇ.

ಐದು ಕೇಳಿದರೆ ಏಳು ಮಾಡುವುದು ಕಾರ್ಖಾನೆಗಳ ರೂಢಿ. ಪರೀಕ್ಷೆಯಲ್ಲಿ ಸೋತದ್ದಕ್ಕೆ ಇಂಟು ಹಾಕಿ ಪಕ್ಕದ ಬುಟ್ಟಿಗೆ ಎಸೆಯುತ್ತಾರೆ. ಯೂಮೆಯ್ ಸಂಖ್ಯೆ ತುಂಬಿಸಲು ಬುಟ್ಟಿಗೆ ಕೈ ಹಾಕಿದಳೇ?

ಹುಯಿಲಾನ್ ಮೆಟ್ಟಿಲ ಬಳಿ ಹೋಗಿ ಅವಳಿಗೆ ಫೋನ್ ಮಾಡಿದಳು.

"ಈ ಕೆಲಸದಲ್ಲಿ ಎಷ್ಟು ಕೆಟ್ಟಿತ್ತು?"

"ಎರಡು ಅಕ್ಕ. ಇಂಟು ಹಾಕಿ ಬುಟ್ಟಿಗೆ ಹಾಕಿದ್ವಿ."

"ಹೋಗಿ ನೋಡು."

ಸ್ವಲ್ಪ ಹೊತ್ತು ಯಂತ್ರಗಳ ಸದ್ದು ಮಾತ್ರ ಕೇಳಿತು. ಆಮೇಲೆ ಯೂಮೆಯ್ ಸಣ್ಣ ದನಿಯಲ್ಲಿ, "ಇಲ್ಲಿಲ್ಲ ಅಕ್ಕ," ಎಂದಳು.

ಹುಯಿಲಾನ್ ಫೋನ್ ಇಟ್ಟಳು.

*

ಒಳಗೆ ಫೂ ಕಂಪನಿಯ ಖರೀದಿ ನೋಡಿಕೊಳ್ಳುವ ಗಾವೊ ಎಲ್ಲರಿಗೂ ಟೀ ಬಗ್ಗಿಸುತ್ತಿದ್ದ. ಕಾಲೇಜು ಮುಗಿಸಿ ನೇರ ಕಚೇರಿಗೆ ಬಂದವನು. ಕೈಗೆ ಕೊಳೆ ಹತ್ತಿಸಿಕೊಂಡವನಲ್ಲ. ಅಗ್ಗದವರ ಸಹವಾಸ ಬೇಡ ಎಂದು ತಾನು ಮೊದಲೇ ಬಡಿದುಕೊಂಡೆ ಎಂದ. ಕೊರಿಯರ್ ಖರ್ಚು ಉಳಿಯಲೆಂದು ಮೊನ್ನೆ ತಾನೇ ಕಾರ್ಖಾನೆಗೆ ಹೋಗಿ ಪ್ಯಾಕೆಟ್ ತಂದಿದ್ದನಂತೆ. ಎಣಿಸಲು ಅದನ್ನು ಬಿಚ್ಚಿ, ಮೇಜಿನ ಮೇಲೆ ಬಿಟ್ಟಿದ್ದನಂತೆ.

ಫೂಗೆ ಇನ್ನೊಂದು ನೆನಪಾಯಿತು. ನಿನ್ನೆ, ಹೆಚ್ಚು ದರ ಹೇಳಿದ್ದ ಇನ್ನೊಂದು ಕಾರ್ಖಾನೆಯ ಮಾರಾಟಗಾರ ಚಿನ್ ಎಂಬವನು ಲಿಚಿ ಹಣ್ಣಿನ ಡಬ್ಬಿ ಹಿಡಿದು ಬಂದು ಒಂದು ಗಂಟೆ ಕೂತಿದ್ದ, ಅದೇ ಮೇಜಿನ ಎದುರು.

"ಕರೀರಿ ಅವನನ್ನ," ಎಂದಳು ಹುಯಿಲಾನ್. ಗುಜರಿಯವರ ಕೈ ಬೆಚ್ಚಗೆ ಮಾಡಿದರೆ ಯಾರ ಬುಟ್ಟಿಯ ಬೋರ್ಡಾದರೂ ಸಿಗುತ್ತದೆ.

ಚಿನ್ ಬರುವಷ್ಟರಲ್ಲಿ ಅವಳು ಬೋರ್ಡುಗಳನ್ನು ಕೈಗೆತ್ತಿಕೊಂಡು ಅಂಚು ನೋಡಿದಳು. ಐದರ ಅಂಚಿನಲ್ಲೂ ಪರೀಕ್ಷೆ ಪಾಸಾದ ಸಣ್ಣ ನೀಲಿ ಗುರುತಿತ್ತು. ಬೋರ್ಡುಗಳನ್ನು ಒಂದರ ಮೇಲೊಂದು ಪೇರಿಸಿದಳು. ಕೆಳಗಿಟ್ಟಳು. ಮತ್ತೆ ಪೇರಿಸಿದಳು.

ನಾಲ್ಕು ಇಪ್ಪತ್ತಕ್ಕೆ ಚಿನ್ ನಗುತ್ತಾ ಒಳಬಂದ.

*

ಹುಯಿಲಾನ್ ತನ್ನ ಚೀಲದಿಂದ ಆರು ಖಾಲಿ ಬೋರ್ಡು ತೆಗೆದು ಮೂರನ್ನು ಗಾವೊ ಮುಂದಿಟ್ಟಳು.

"ನನ್ನ ಕಣ್ಣು ಸೋತಿದೆ ತಮ್ಮ. ಇವಕ್ಕೂ ಅಂಥದ್ದೇ ಪಾಸಾದ ಗುರುತು ಹಾಕಿ ಕೊಡು. ಹೋಲಿಸಿ ನೋಡ್ಬೇಕು."

ಗಾವೊ ಮೂರನ್ನೂ ಸಾಲಾಗಿ ಇಟ್ಟುಕೊಂಡ. ಸ್ಕೇಲ್ ತೆಗೆದು ಒಂದೊಂದರ ಅಂಚಿನಲ್ಲೂ ಅದೇ ಜಾಗಕ್ಕೆ ನೀಟಾಗಿ ಗೆರೆ ಎಳೆದ.

ಚಿನ್ ಗೊಳ್ಳೆಂದು ನಕ್ಕ. "ಹಿಂಗೆ ಎಳೀತಾ ಕೂತ್ರೆ ಸಾವಿರ ಬೋರ್ಡು ಮುಗಿಯೋಷ್ಟರಲ್ಲಿ ಹಬ್ಬದ ರಜೆ ಬರುತ್ತೆ. ಕೊಡಿ ಇಲ್ಲಿ." ಉಳಿದ ಮೂರನ್ನು ಇಸ್ಪೀಟಿನಂತೆ ಮೇಜಿಗೆ ಕುಟ್ಟಿ ಕಟ್ಟು ಮಾಡಿದ. ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಸರ್ರನೆ ಒಂದೇ ಓರೆಗೆರೆ. "ಹತ್ತು ವರ್ಷ ಟೆಸ್ಟ್ ಮೇಜಲ್ಲಿ ಕೂತವ್ನು ನಾನು."

"ಅದಕ್ಕೇ ಈ ಮೋಸ ನಿನ್ನ ಕೈಕೆಲಸ ಅಲ್ಲ," ಎಂದಳು ಹುಯಿಲಾನ್.

ಮೊದಲಿನ ಐದು ಬೋರ್ಡನ್ನು ಪೇರಿಸಿ ಫೂ ಕಡೆ ತಿರುಗಿಸಿದಳು. ಕಟ್ಟಿಗೆ ಓರೆಯಾಗಿ ಗೆರೆ ಎಳೆದರೆ ಪ್ರತಿ ಬೋರ್ಡಿನಲ್ಲೂ ಗುರುತು ಒಂದಿಷ್ಟು ಸರಿದಿರುತ್ತದೆ. ಬದುಕಿದ್ದ ಮೂರರಲ್ಲಿ ಹಾಗೇ ಸರಿದಿತ್ತು, ನಡುವೆ ಎರಡು ಮೆಟ್ಟಿಲು ಮುರಿದ ಏಣಿಯ ಹಾಗೆ. ಸತ್ತ ಎರಡರಲ್ಲಿ ಗುರುತು ಒಂದೇ ಜಾಗದಲ್ಲಿತ್ತು. ಅವನ್ನು ಮೇಲಿನ ಬೋರ್ಡು ನೋಡಿ ಸ್ಕೇಲಿನಿಂದ ನಕಲು ಮಾಡಲಾಗಿತ್ತು.

"ಕಾರ್ಖಾನೆಯವರು ಕುಡಿದ ಮತ್ತಿನಲ್ಲೂ ಈ ತಪ್ಪು ಮಾಡಲ್ಲ, ಯಜಮಾನ್ರೇ. ಗುರುತನ್ನ ನೋಡಿ, ಅದನ್ನ ಹಾಕೋದನ್ನ ನೋಡದವ್ರು ಮಾಡಿದ್ದು ಇದು. ಇಲ್ಲಿಂದ ಆ ಬುಟ್ಟಿ ಇರೋ ಕಾರ್ಖಾನೆಗೆ ಹೋದವ್ರು ಒಬ್ರೇ. ಪ್ಯಾಕೆಟ್ ಬಿಚ್ಚಿದ್ದೂ ಅವ್ರೇ."

ಗಾವೊ ಕೈಯಲ್ಲಿ ಸ್ಕೇಲ್ ಇನ್ನೂ ಇತ್ತು.

ಚಿನ್‌ನ ನಗು ಇಳಿದುಹೋಗಿತ್ತು. ಆರ್ಡರ್ ಕೊಡಿಸಿದರೆ ಕಮಿಷನ್ ಕೊಡುವೆನೆಂದು ಗಾವೊಗೆ ಹೇಳಿದ್ದು ನಿಜ, ಬೋರ್ಡು ಬದಲಾಯಿಸು ಎಂದಿರಲಿಲ್ಲ ಎಂದು ನೆಲ ನೋಡುತ್ತಾ ಒಪ್ಪಿಕೊಂಡ.

ಫೂ ಹೋಗಿ ಗಾವೊನ ಡ್ರಾಯರ್ ಎಳೆದ. ಟೀ ಪೊಟ್ಟಣಗಳ ಕೆಳಗೆ ಎರಡು ಬೋರ್ಡು ಇದ್ದವು.

"ಚೆನ್ನಾಗಿರೋದನ್ನ ಬಿಸಾಡೋಕೆ ಕೈ ಬರ್ಲಿಲ್ಲ," ಎಂದ ಗಾವೊ.

ಹುಯಿಲಾನ್ ಸತ್ತ ಎರಡನ್ನು ತೆಗೆದು ಇವೆರಡನ್ನು ಕಟ್ಟಿನ ನಡುವೆ ತೂರಿಸಿ ಕುಟ್ಟಿದಳು. ನೀಲಿ ಗೆರೆ ಮೇಲಿಂದ ಕೆಳಕ್ಕೆ ಎಲ್ಲೂ ಮುರಿಯದೆ ಇಳಿಯಿತು.

ಐದು ಗಂಟೆಗೆ ಫೂ ಹೇಳಿದಂತೆಯೇ ಗುಂಪಿಗೆ ಫೋಟೋ ಹಾಕಿದ. ಆ ಗೆರೆಯ ಫೋಟೋ. ಕೆಳಗೆ ಯೂಮೆಯ್ ಕಾರ್ಖಾನೆಯ ಹೆಸರು, 'ಇನ್ನೂರಕ್ಕೆ ಆರ್ಡರ್ ಕೊಟ್ಟಿದ್ದೇನೆ' ಎಂಬ ಮಾತು.

ಹುಯಿಲಾನ್ ಬಸ್ ನಿಲ್ದಾಣ ತಲುಪುವ ಮೊದಲೇ ಯೂಮೆಯ್ ಫೋನ್ ಬಂತು. ಅತ್ತಳು, ನಕ್ಕಳು, ಊಟಕ್ಕೆ ಬಾ ಎಂದಳು. ಆಮೇಲೆ ಕೇಳಿದಳು:

"ಬುಟ್ಟಿ ನೋಡು ಅಂದಾಗ, ನನ್ ಮೇಲೂ ಅನುಮಾನ ಬಂತಾ ಅಕ್ಕ?"

"ಮೊದಲು ನಿನ್ನ ಮೇಲೇ ಬಂತು," ಎಂದು ಹುಯಿಲಾನ್ ಬಸ್ ಹತ್ತಿದಳು. "ಊಟಕ್ಕೆ ಬರ್ತೀನಿ. ಆ ಬುಟ್ಟಿಗೆ ಮಾತ್ರ ಇವತ್ತೇ ಒಂದು ಬೀಗ ಹಾಕು."