ದುರ್ಬೀನು ನಿನ್ನದೇ ಅಂದ್ಕೋ

"ಸಾಕು, ಕೊಡೋ ಇತ್ತ. ನನ್ನ ಸರದಿ ಬಂದು ಎಷ್ಟೊತ್ತಾಯ್ತು," ಎಂದು ಬನಫ್ಶೆ ಕಿಯಾರಶನ ಕಾಲು ಹಿಡಿದು ಎಳೆದಳು.

ಕಿಯಾರಶ್ ಬಂಡೆಯ ಮೇಲೆ ಬೋರಲು ಮಲಗಿದ್ದ. ದುರ್ಬೀನನ್ನು ಕಣ್ಣಿಂದ ತೆಗೆಯಲೇ ಇಲ್ಲ. ಎದುರಿನ ಕಲ್ಲುಬೆಟ್ಟದಲ್ಲಿ ಏನೋ ಅಲುಗಾಡಿತು, ಕಾಡುಮೇಕೆಯೇ ಇರಬೇಕು ಅಂದ. ಅದು ಒಣಗಿದ ಪೊದೆ ಎಂದಳು ಬನಫ್ಶೆ. ಪೊದೆಗೆ ಎಲ್ಲಾದರೂ ಕೊಂಬು ಇರುತ್ತದೆಯೇ ಎಂದು ಅವನು ಕೇಳಿದ.

ಇಬ್ಬರ ಜಗಳದಲ್ಲಿ ಉಸಿರು ಕಟ್ಟಿದ್ದು ತರ್ಲಾನಳಿಗೆ. ದುರ್ಬೀನಿನ ಪಟ್ಟಿ ಅವಳ ಕೊರಳಲ್ಲಿತ್ತು. ದುರ್ಬೀನು ಅವಳ ಅಣ್ಣನದು. ಹಕ್ಕಿ ನೋಡುವ ಹುಚ್ಚು ಅವನಿಗೆ. ಕೊರಳಿಂದ ತೆಗೆಯುವುದಿಲ್ಲ ಎಂದು ಮೂರು ಸಲ ಹೇಳಿಸಿಕೊಂಡು ಕೊಟ್ಟು ಕಳಿಸಿದ್ದ. ಹಾಗಾಗಿ ಯಾರು ನೋಡಿದರೂ ತರ್ಲಾನ್ ಅವರ ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ಪಕ್ಕದಲ್ಲೇ ಮಲಗಬೇಕಿತ್ತು.

ಮೂವರೂ ತೆಹ್ರಾನಿನ ಒಂದೇ ಕಟ್ಟಡದ ಮಕ್ಕಳು. ರಜೆ ಶುರುವಾದ ಕೂಡಲೇ ತರ್ಲಾನಳ ಚಿಕ್ಕಮ್ಮ ಷೊಹ್ರೆ ಅವರನ್ನು ಜೀಪಿನಲ್ಲಿ ತುಂಬಿಕೊಂಡು ಲಾರ್ ಬಯಲಿಗೆ ತಂದಿದ್ದಳು. ಬಯಲಿನ ತುಂಬ ಕೆಂಪು ಗಸಗಸೆ ಹೂವು. ತಲೆಯೆತ್ತಿದರೆ ದಮಾವಂದ್ ಬೆಟ್ಟ, ನೆತ್ತಿಯ ಮೇಲೆ ಬೆಳ್ಳಗೆ ಹಿಮ. ಬೆಳಗಿನ ಜಾವ ಕಾಡುಮೇಕೆಗಳು ಮರಿಗಳನ್ನು ಕರೆದುಕೊಂಡು ಕಲ್ಲುಬೆಟ್ಟದಿಂದ ಹಳ್ಳಕ್ಕೆ ನೀರು ಕುಡಿಯಲು ಇಳಿಯುತ್ತವೆ ಎಂದು ಚಿಕ್ಕಮ್ಮ ಹೇಳಿದ್ದಳು. ಅದನ್ನು ನೋಡುವುದಕ್ಕೆಂದೇ ಬಂದಿದ್ದರು. ಮೊದಲನೆಯ ದಿನ ನಿದ್ದೆಯಿಂದ ಏಳಲಿಲ್ಲ. ಎರಡನೆಯ ದಿನ ಮಂಜು. ಉಳಿದದ್ದು ನಾಳೆ ಬೆಳಿಗ್ಗೆ ಒಂದೇ. ಮಧ್ಯಾಹ್ನ ವಾಪಸ್ಸು ಹೊರಡಬೇಕು.

ಹಿಂದೆ ಯಾರೋ ಮೂಗು ಸೇದಿದ ಸದ್ದಾಯಿತು.

ಆರು ವರ್ಷದ ಒಂದು ಹುಡುಗಿ ನಿಂತಿದ್ದಳು. ಕಂಕುಳಲ್ಲಿ ಒಂದು ಮೇಕೆಮರಿ. ಹಳ್ಳದ ಆಚೆ ಮೇಲಿನ ಇಳಿಜಾರಿನಲ್ಲಿ ಕುರಿಗಾಹಿಗಳ ಒಂದು ಕಪ್ಪು ಗುಡಾರವಿತ್ತು, ಅಲ್ಲಿಂದ ಬಂದವಳು. ಹೆಸರು ಕೇಳಿದರೆ ಗುಲಂದಾಮ್ ಎಂದಳು. ಕಣ್ಣು ಮಾತ್ರ ದುರ್ಬೀನಿನ ಮೇಲಿಂದ ಕದಲಲಿಲ್ಲ.

ನೋಡುತ್ತೀಯಾ ಎಂದು ತರ್ಲಾನ್ ಕೇಳಿದಳು. ನೆಂಟರ ಹಾಗೆ ಬಂದವಳನ್ನು ಬಗ್ಗಿಸಿ ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಹೇಗೆ? ಪಟ್ಟಿಯನ್ನು ಕೊರಳಿಂದ ತೆಗೆದು ಅವಳ ಕೈಗೇ ಕೊಟ್ಟಳು.

ಗುಲಂದಾಮ್ ಮೊದಲು ನೋಡಿದ್ದು ತನ್ನ ಗುಡಾರವನ್ನೇ. ಆಮೇಲೆ ಒಂದು ಕೈ ಮುಂದೆ ಚಾಚಿ ಗಾಳಿಯಲ್ಲಿ ತಡಕಿದಳು.

"ಅಜ್ಜಿ ಇಲ್ಲೇ ಇದ್ದಾಳೆ," ಎಂದಳು. "ಮಜ್ಜಿಗೆ ಕಡೀತಾ ಇದ್ದಾಳೆ. ಇದು ತುಂಬಾ ಚೆನ್ನಾಗಿದೆ."

"ನಿನ್ನದೇ ಅಂದ್ಕೋ," ಎಂದಳು ತರ್ಲಾನ್.

ಗುಲಂದಾಮ್ ಒಂದು ಸಲ ಅವಳ ಮುಖ ನೋಡಿದಳು. ಪಟ್ಟಿಯನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಮೇಕೆಮರಿಯನ್ನು ಅವಚಿಕೊಂಡು ಇಳಿಜಾರು ಹತ್ತಿ ಓಡಿದವಳು ತಿರುಗಿ ನೋಡಲಿಲ್ಲ.

ಮೂವರೂ ಬಾಯಿ ಬಿಟ್ಟುಕೊಂಡು ಕುಳಿತರು.

ತರ್ಲಾನಳ ಮನೆಯಲ್ಲಿ ಅದು ದಿನಾ ಆಡುವ ಮಾತು. ಮೇಲಿನ ಮನೆಯಾಕೆ ಬಂದು ಪರದೆ ಚೆನ್ನಾಗಿದೆ ಅಂದರೆ ಅಮ್ಮ, ನಿಮ್ಮದೇ ಅಂದುಕೊಳ್ಳಿ, ತಗೊಂಡು ಹೋಗಿ ಅನ್ನುತ್ತಾಳೆ. ಅಯ್ಯೋ, ಅದು ನಿಮ್ಮ ಮನೆಗೇ ಒಪ್ಪುವುದು ಅನ್ನುತ್ತಾಳೆ ಆಕೆ. ಇಬ್ಬರಿಗೂ ಸಂತೋಷ. ಪರದೆ ಕಿಟಕಿಯಲ್ಲೇ ಇರುತ್ತದೆ. ಇಲ್ಲಿಯವರೆಗೆ ಯಾರೂ ಪರದೆ ಬಿಚ್ಚಿಕೊಂಡು ಹೋದವರಿಲ್ಲ.

"ನಿನ್ನ ತಲೆ," ಎಂದಳು ಬನಫ್ಶೆ. "ನಾಳೆ ಮೇಕೆ ಹೇಗೆ ನೋಡೋದು? ಮುಷ್ಟಿ ಸುತ್ತಿ ಅದರಲ್ಲಿ ನೋಡೋದಾ?"

ತರ್ಲಾನಳಿಗೆ ಮೇಕೆಗಿಂತ ಮೊದಲು ಅಣ್ಣನ ಮುಖ ಕಣ್ಣ ಮುಂದೆ ಬಂತು.

ಷೊಹ್ರೆ ಚಿಕ್ಕಮ್ಮ ಹಳ್ಳದ ದಡದಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಸುದ್ದಿ ಕೇಳಿ ನಕ್ಕೂ ನಕ್ಕೂ ಅರ್ಧ ಅಕ್ಕಿಯನ್ನು ನೀರಿಗೆ ಬಿಟ್ಟಳು. ನೀನೇ ಹೋಗಿ ಇಸ್ಕೊಂಡು ಬಾ ಚಿಕ್ಕಮ್ಮ ಎಂದು ತರ್ಲಾನ್ ಗೋಗರೆದಾಗ ಮಾತ್ರ ನಗು ನಿಲ್ಲಿಸಿದಳು.

"ಬಾಯಿ ನಿಂದು, ಕಾಲೂ ನಿಂದೇ. ಹತ್ತು. ನಾನು ಇಲ್ಲಿಂದ ನೋಡ್ತಿರ್ತೀನಿ."

ಹತ್ತಿದರು. ಹಳ್ಳ ದಾಟುವಾಗ ನೀರಿನ ಚಳಿಗೆ ಬನಫ್ಶೆ ಕೊಕ್ಕರೆಯಂತೆ ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ ಕುಣಿದಳು. ಹಳ್ಳದ ಆಚೆ ಇಳಿಜಾರಿನಲ್ಲಿ ಕರಗದೆ ಉಳಿದ ಹಿಮದ ಉದ್ದನೆಯ ಪಟ್ಟೆ. ಅದರ ಮೇಲೆ ನಡೆಯುವುದೆಂದರೆ ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಕಿಯಾರಶ್ ಜಾರಿ ಕೆಳಗಿನ ತುದಿಯವರೆಗೆ ಹೋದ. ಮತ್ತೆ ಹತ್ತಿ ಮತ್ತೆ ಜಾರಿದ. ಮೂರನೆಯ ಸಲ ಬೇಕೆಂದೇ ಜಾರಿದ ಎಂದು ಬನಫ್ಶೆಗೆ ಗೊತ್ತಾಯಿತು. ಅವಳೂ ಜಾರಿದಳು. ತರ್ಲಾನಳಿಗೂ ಆಸೆಯಾಯಿತು. ಆದರೆ ಹೊತ್ತು ಇಳಿಯುತ್ತಿತ್ತು.

ದಾರಿಯಲ್ಲಿ ಕಿಯಾರಶನಿಗೆ ಒಂದು ಪ್ಲಾನ್ ಹೊಳೆಯಿತು. ನಾವು ಹೋಗಿ ದುರ್ಬೀನನ್ನು ಹೊಗಳೋಣ. ಆಹಾ ಎಷ್ಟು ಚೆನ್ನಾಗಿದೆ ಅನ್ನೋಣ. ಆಗ ಅವಳು ನಿಮ್ಮದೇ ಅಂದುಕೊಳ್ಳಿ ಅನ್ನಲೇಬೇಕಲ್ಲ? ಅಂದ ಕೂಡಲೇ ಕೊರಳಿಗೆ ಹಾಕಿಕೊಂಡು ಓಡಿ ಬರೋಣ. ಬನಫ್ಶೆ ಅವನನ್ನು ಮೊದಲ ಸಲ ಮೆಚ್ಚುಗೆಯಿಂದ ನೋಡಿದಳು.

ಅಷ್ಟರಲ್ಲಿ ಕರುವಿನಷ್ಟು ಎತ್ತರದ ಕಾವಲುನಾಯಿಯೊಂದು ಬೊಗಳುತ್ತಾ ನುಗ್ಗಿ ಬಂತು. ನಾಯಿ ಬಂದರೆ ಓಡಬಾರದು, ನಿಂತಲ್ಲೇ ಕುಳಿತುಬಿಡಬೇಕು ಎಂದು ಚಿಕ್ಕಮ್ಮ ಹೇಳಿಕೊಟ್ಟಿದ್ದಳು. ಹುಡುಗಿಯರು ಕುಳಿತರು. ಕಿಯಾರಶ್ ನಾಲ್ಕು ಹೆಜ್ಜೆ ಓಡಿ, ನೆನಪಾಗಿ, ಮುಳ್ಳಿನ ಗಿಡದ ಮೇಲೆಯೇ ಕುಳಿತ. ಕಣ್ಣಲ್ಲಿ ನೀರು ಬಂತು, ಆದರೆ ಏಳಲಿಲ್ಲ. ನಾಯಿ ಅವನ ಕಿವಿ ಮೂಸಿ ನೋಡಿ, ಇವನಿಂದ ಏನೂ ಆಗದು ಎನ್ನುವ ಹಾಗೆ ಹಿಂದಿರುಗಿತು.

ಗುಡಾರದ ಮುಂದೆ ಕಂಬಳಿ ಹಾಸಿತ್ತು. ಟೀ ಆಗಲೇ ಕುದಿಯುತ್ತಿತ್ತು. ಬಿಸಿ ರೊಟ್ಟಿ, ಬಟ್ಟಲು ತುಂಬ ಕೆನೆ, ಪುದೀನ ಹಾಕಿದ ಮಜ್ಜಿಗೆ. ಅಜ್ಜಿ ಮೂವರಿಗೂ ಬನ್ನಿ ಬನ್ನಿ ಎಂದು ದಿಂಬು ಸರಿಸಿದಳು. ನಾವು ಬರುವುದು ನಿಮಗೆ ಹೇಗೆ ಗೊತ್ತಾಯಿತು ಎಂದು ಬನಫ್ಶೆ ಕೇಳಿದಳು.

"ನಾನೇ ಹೇಳಿದ್ದು," ಎಂದಳು ಗುಲಂದಾಮ್. ದುರ್ಬೀನು ಅವಳ ಹೊಟ್ಟೆಯ ಮೇಲೆ ತೂಗುತ್ತಿತ್ತು. "ನೀವು ಹಳ್ಳ ದಾಟಿದಾಗ್ಲೇ ನೋಡಿದೆ. ಇವನು ಹಿಮದಲ್ಲಿ ಮೂರು ಸಲ ಬಿದ್ದ. ನೆಂಟರು ಬರ್ತಿದ್ದಾರೆ, ಟೀ ಇಡು ಅಜ್ಜಿ ಅಂದೆ."

ಕಿಯಾರಶ್ ಗಂಟಲು ಸರಿಮಾಡಿಕೊಂಡು ಪ್ಲಾನ್ ಶುರುಮಾಡಿದ. ಈ ದುರ್ಬೀನು ಎಷ್ಟು ಚೆನ್ನಾಗಿದೆ ಅಂದ. ಹೌದು ಎಂದಳು ಗುಲಂದಾಮ್. ಇಂಥದ್ದು ನಾನು ಎಲ್ಲೂ ನೋಡಿಲ್ಲ ಅಂದ. ನಾನೂ ನೋಡಿಲ್ಲ ಎಂದಳು ಅವಳು. ಆಹಾ, ಇಂಥದ್ದೊಂದು ನನಗಿದ್ದಿದ್ದರೆ ಎಂದು ನಿಟ್ಟುಸಿರು ಬಿಟ್ಟ.

"ಆ ಅಕ್ಕನ್ನ ಕೇಳು," ಎಂದು ಗುಲಂದಾಮ್ ತರ್ಲಾನಳ ಕಡೆ ಬೆರಳು ಮಾಡಿದಳು. "ತುಂಬಾ ಒಳ್ಳೆಯವಳು. ನಿಂಗೂ ಒಂದು ಕೊಡ್ತಾಳೆ."

ಬನಫ್ಶೆಗೆ ಕುಡಿಯುತ್ತಿದ್ದ ಮಜ್ಜಿಗೆ ಮೂಗಿಗೆ ಹತ್ತಿತು. ಸೋತ ಕಿಯಾರಶ್ ಕಂಬಳಿ ಸವರುತ್ತಾ, ಇದೂ ಚೆನ್ನಾಗಿದೆ ಎಂದು ಸುಮ್ಮನೆ ಅಂದ. ನಿನ್ನದೇ ಮಗನೇ, ಸುತ್ತಿಕೊಡುತ್ತೇನೆ ತಗೊಂಡು ಹೋಗು ಎಂದಳು ಅಜ್ಜಿ. ಅವನು ಹೌಹಾರಿ, ಬೇಡ ಅಜ್ಜಿ, ಇದು ನಿಮ್ಮ ಗುಡಾರಕ್ಕೇ ಒಪ್ಪುವುದು ಎಂದ. ಅಜ್ಜಿ ತಲೆದೂಗಿದಳು. ಗುಲಂದಾಮ್ ಮಾತ್ರ ಅಜ್ಜಿಯನ್ನೊಮ್ಮೆ, ಇವನನ್ನೊಮ್ಮೆ ನೋಡಿದಳು. ಕೊಡುತ್ತೇನೆ ಅಂದರೆ ಬೇಡ ಅನ್ನುವವರನ್ನು ಅವಳು ಕಂಡಿರಲಿಲ್ಲವೇನೋ.

ತರ್ಲಾನ್ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು. ತುಂಬಾ ಒಳ್ಳೆಯವಳು ಎಂಬ ಮಾತೇ ಕಿವಿಯಲ್ಲಿತ್ತು. ಅಜ್ಜಿ ಅವಳನ್ನೇ ನೋಡುತ್ತಿದ್ದಳು. ಅಜ್ಜಿಗೆ ಎಲ್ಲ ಗೊತ್ತಿತ್ತು. ಮೊಮ್ಮಗಳು ಓಡಿಬಂದಾಗಲೇ, ಇದು ನಮ್ಮದಲ್ಲ ಅಂದಿದ್ದಳಂತೆ. ಅಕ್ಕನೇ ನಿನ್ನದೇ ಅಂದ್ಕೋ ಅಂದಳು ಎಂದು ಹಟ ಹಿಡಿದಿದ್ದಳಂತೆ ಗುಲಂದಾಮ್.

"ನಾನು ಕಿತ್ಕೊಡಬಹುದು," ಎಂದಳು ಅಜ್ಜಿ ಮೆಲ್ಲಗೆ. "ಆದ್ರೆ ಮಾತು ಆಗಿದ್ದು ನಿಮ್ಮಿಬ್ಬರ ಮಧ್ಯೆ. ನೀವಿಬ್ಬರೇ ಮಾತಾಡ್ಕೊಳ್ಳಿ."

ತರ್ಲಾನ್ ಎದ್ದು ಗುಲಂದಾಮಳ ಮುಂದೆ ಮಂಡಿಯೂರಿ ಕುಳಿತಳು. ಮನೆಯಲ್ಲಿ ಕಲಿತ ಚೆಂದದ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ.

"ಅದು ನಮ್ಮಣ್ಣಂದು," ಎಂದಳು. "ಕೊಡೋಕೆ ನಂಗೆ ಅಧಿಕಾರ ಇಲ್ಲ. ನಿನ್ನದೇ ಅಂದ್ಕೋ ಅಂದಿದ್ದು ಬಾಯುಪಚಾರಕ್ಕೆ. ನಂಗೆ ಅದು ವಾಪಸ್ ಬೇಕು."

ಬಾಯುಪಚಾರ ಅಂದರೇನು ಎಂದು ಗುಲಂದಾಮ್ ಕೇಳಿದಳು. ತರ್ಲಾನ್ ಯೋಚಿಸಿದಳು. ಕೊಡಲು ಮನಸ್ಸಿಲ್ಲದಿದ್ದರೂ ತಗೋ ಅನ್ನುವುದು ಎಂದು ಹೇಳಬೇಕಾಯಿತು. ಹೇಳುವಾಗ ಕಿವಿ ಬಿಸಿಯಾಯಿತು.

ಗುಲಂದಾಮ್ ಅಳಲಿಲ್ಲ. ಪಟ್ಟಿಯನ್ನು ತಲೆಯ ಮೇಲಿಂದ ಎಳೆದಳು. ಅದು ತಲೆವಸ್ತ್ರಕ್ಕೆ ಸಿಕ್ಕಿಕೊಂಡಿತು. ತಾನೇ ಬಿಡಿಸಿಕೊಂಡಳು. ದುರ್ಬೀನನ್ನು ತರ್ಲಾನಳ ಕೈಯಲ್ಲಿಟ್ಟು, ಬೆನ್ನು ತಿರುಗಿಸಿ, ಮೇಕೆಮರಿಯ ಕಿವಿಯಿಂದ ಮುಳ್ಳು ಹೆಕ್ಕತೊಡಗಿದಳು.

ದುರ್ಬೀನು ಸಿಕ್ಕಿತು. ಕಿಯಾರಶ್ ಕಣ್ಣಲ್ಲೇ, ನಡಿ ಹೋಗೋಣ ಅಂದ. ತರ್ಲಾನ್ ಏಳಲಿಲ್ಲ. ನಾಲಿಗೆಯ ತುದಿಯಲ್ಲಿ ಮಾತುಗಳು ಸಾಲಾಗಿ ಬಂದು ನಿಂತಿದ್ದವು: ತೆಹ್ರಾನಿಗೆ ಬಾ, ನಮ್ಮ ಮನೆ ನಿನ್ನದೇ, ಇದಕ್ಕಿಂತ ದೊಡ್ಡದು ಕೊಡಿಸುತ್ತೇನೆ. ಎಲ್ಲವನ್ನೂ ನುಂಗಿಕೊಂಡಳು. ನಿಜವಾಗಿ ಕೊಡುವಂಥದ್ದು ತನ್ನ ಹತ್ತಿರ ಏನಿದೆ ಎಂದು ಹುಡುಕಿದಳು.

"ನಾಳೆ ಬೆಳಕು ಹರಿಯೋ ಹೊತ್ತಿಗೆ ನಮ್ಮ ಬಂಡೆ ಹತ್ರ ಬಾ," ಎಂದಳು ಆ ಬೆನ್ನಿಗೆ. "ಕಾಡುಮೇಕೆ ಬರುತ್ವೆ. ದುರ್ಬೀನಲ್ಲಿ ಮೊದಲು ನೀನೇ ನೋಡು. ನೀನು ಬರೋವರೆಗೆ ನಾವ್ಯಾರೂ ನೋಡಲ್ಲ."

ಮುಳ್ಳು ಹೆಕ್ಕುತ್ತಿದ್ದ ಕೈ ನಿಂತಿತು.

"ಇದೂ ಬಾಯುಪಚಾರನಾ?"

"ಅಲ್ಲ," ಎಂದಳು ತರ್ಲಾನ್.

ಮರುದಿನ ಆಕಾಶ ಬೂದಿಬಣ್ಣದಲ್ಲಿರುವಾಗಲೇ ಮೂವರೂ ಚಿಕ್ಕಮ್ಮನ ಜೊತೆ ಬಂಡೆಯ ಹತ್ತಿರ ಇದ್ದರು. ಗುಲಂದಾಮ್ ಇನ್ನೂ ಬಂದಿರಲಿಲ್ಲ. ಮಂಜಿಲ್ಲ. ಗಾಳಿಯಿಲ್ಲ. ಕಲ್ಲುಬೆಟ್ಟದ ಮೇಲಿಂದ ಒಂದು ಸಣ್ಣ ಕಲ್ಲು ಉರುಳಿದ ಸದ್ದು. ಆಮೇಲೆ ಇನ್ನೊಂದು.

"ಬಂದ್ವು," ಎಂದು ಕಿಯಾರಶ್ ಪಿಸುಗುಟ್ಟಿದ.

"ತಿರುಗು," ಎಂದಳು ತರ್ಲಾನ್. "ಎಲ್ಲರೂ ಬೆನ್ನು ಹಾಕಿ ಕೂತ್ಕೊಳ್ಳಿ."

ಕಿಯಾರಶನಿಗೆ ನಂಬಲಾಗಲಿಲ್ಲ. ದುರ್ಬೀನು ಬೇಡ, ಬರಿಗಣ್ಣಲ್ಲಿ ಒಂದೇ ಒಂದು ಸಲ ನೋಡುತ್ತೇನೆ, ಅವಳಿಗೇನು ಗೊತ್ತಾಗುತ್ತದೆ ಎಂದ. ಬನಫ್ಶೆ ಅವನ ಕತ್ತು ಹಿಡಿದು ಈಚೆ ತಿರುಗಿಸಿದಳು. ಮೂವರೂ ಕಲ್ಲುಬೆಟ್ಟಕ್ಕೆ ಬೆನ್ನು ಹಾಕಿ, ಗುಡಾರದ ಕಡೆ ಮುಖ ಮಾಡಿ ಕುಳಿತರು. ಬೆನ್ನ ಹಿಂದೆ ಗೊರಸಿನ ಟಕಟಕ, ಮರಿಯೊಂದು ಕೂಗಿದ ದನಿ.

ನಾನಂತೂ ಯಾರಿಗೂ ಮಾತು ಕೊಟ್ಟಿಲ್ಲ ಎಂದು ಷೊಹ್ರೆ ಚಿಕ್ಕಮ್ಮ ಆ ಕಡೆಗೇ ಮುಖ ಮಾಡಿ ಆರಾಮವಾಗಿ ನಿಂತಿದ್ದಳು. ಅಬ್ಬ ಎಂಥಾ ಕೊಂಬು ಅಂದಳು. ಎರಡು ಮರಿ, ಅಲ್ಲ ಮೂರು ಅಂದಳು. ಅದೋ ಹಾರಿತು ಅಂದಳು. ಕಿಯಾರಶ್ ಕಿವಿ ಮುಚ್ಚಿಕೊಂಡು ಮುಲುಗಿದ.

ಗುಡಾರದ ಕಾಲುದಾರಿಯಲ್ಲಿ ಯಾರೂ ಕಾಣಲಿಲ್ಲ. ನಿದ್ದೆ ಮಾಡಿಬಿಟ್ಟಿರಬಹುದು. ಅಥವಾ, ಕೊಡುತ್ತೇನೆ ಅಂದು ಕೊಡದವಳ ಮಾತನ್ನು ಅವಳು ನಂಬಿರಲಿಕ್ಕಿಲ್ಲ. ನೀರು ಕುಡಿದು ಮೇಕೆಗಳು ಹೊರಟುಹೋದರೆ? ಬನಫ್ಶೆ ತರ್ಲಾನಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಬಂಡೆಯ ಕೆಳಗಿನಿಂದ ಏದುಸಿರು ಕೇಳಿಸಿತು. ಗುಲಂದಾಮ್ ಹಳ್ಳದ ಕಡೆಯಿಂದ ಹತ್ತಿ ಬರುತ್ತಿದ್ದಳು.

ಅವಳು ಮೂವರನ್ನೂ ನೋಡಿದಳು. ಅವರ ಹಿಂದೆ, ಬಂಡೆಯನ್ನು ಬಳಸಿ ಹರಿಯುವ ಅದೇ ಹಳ್ಳದ ದಡದಲ್ಲಿ ಮೇಕೆಗಳು. ಇವರು ನೋಡಿದರೆ ಆ ಕಡೆ ಬೆನ್ನು ಹಾಕಿ ಕುಳಿತಿದ್ದಾರೆ. ಕೈ ಚಾಚಿದಳು. ತರ್ಲಾನ್ ಪಟ್ಟಿಯನ್ನು ತನ್ನ ಕೊರಳಲ್ಲೇ ಇಟ್ಟುಕೊಂಡು, ಅವಳ ಕೆನ್ನೆಗೆ ಕೆನ್ನೆ ತಾಗಿಸಿ ಮಲಗಿ ದುರ್ಬೀನು ಕೊಟ್ಟಳು. ತಣ್ಣಗಿನ, ಹೊಗೆಯ ವಾಸನೆಯ ಕೆನ್ನೆ.

"ಮರಿ ಕುಡೀತಾ ಇದೆ," ಎಂದಳು ಗುಲಂದಾಮ್. "ಅದರ ಅಮ್ಮ ಸುತ್ತ ನೋಡ್ತಾ ಇದೆ. ನೀವೂ ತಿರುಗಿ, ಹೋಗಿಬಿಡುತ್ವೆ."

ಕಿಯಾರಶ್ ಮತ್ತು ಬನಫ್ಶೆ ಒಂದೇ ಸಲ ತಿರುಗಿದರು. ತಳ್ಳಾಟ, ಪಿಸುಮಾತು, ಶ್ ಶ್ ಎಂಬ ಸದ್ದು.

ತರ್ಲಾನಳಿಗೆ ತನ್ನ ಅಂಗೈ ಒದ್ದೆಯಾದಂತೆ ಅನಿಸಿತು. ಅದನ್ನು ಗುಲಂದಾಮಳ ಬೆನ್ನ ಮೇಲೆ ಇಟ್ಟಿದ್ದಳು. ಅಂಗಿ ಕತ್ತಿನಿಂದ ಕೆಳಗಿನವರೆಗೆ ತೊಯ್ದು ಹೋಗಿತ್ತು, ಸಣ್ಣ ಸಣ್ಣ ಹಿಮದ ಚೂರು ಇನ್ನೂ ಅಂಟಿಕೊಂಡಿತ್ತು. ತಲೆಯೆತ್ತಿ ನೋಡಿದಳು. ದೂರದಲ್ಲಿ, ನಿನ್ನೆ ಅವರು ಹತ್ತಿದ ಹಿಮದ ಪಟ್ಟೆಯ ಮೇಲೆ, ತುದಿಯಿಂದ ಬುಡದವರೆಗೆ ಹೊಸದಾಗಿ ಜಾರಿದ ಒಂದು ಗೀರು ಬಿದ್ದಿತ್ತು. ಎಲ್ಲೂ ನಿಂತಿರಲಿಲ್ಲ, ಎಲ್ಲೂ ತಿರುಗಿರಲಿಲ್ಲ. ಬಂಡೆಯ ಕಡೆಗೆ ನೇರವಾಗಿ ಎಳೆದ ಗೀರು.

ಈಗ ಅಕ್ಕ ನೋಡಲಿ ಎಂದು ಗುಲಂದಾಮ್ ದುರ್ಬೀನನ್ನು ಈಚೆ ತಳ್ಳಿದಳು. ತರ್ಲಾನ್ ತಗೊಂಡಳು. ಆದರೆ ಸ್ವಲ್ಪ ಹೊತ್ತು ಅವಳು ಆ ಗೀರನ್ನೇ ನೋಡುತ್ತಿದ್ದಳು.